ಸಿಂಹದ ಟೋಪಿಯ ಭಾವ ಯಾರ ಕಡೆ?

ಮೆಲ್ಬರ್ನ್‌ನ ನಮ್ಮ ಹಿತ್ತಲಿನಲ್ಲಿ ಭಾನುವಾರದ ಕಾಫಿಗೆ ಸೇರುವವರ ಪೈಕಿ ಸೂಪರ್‌ಕಾರ್ಸ್ ಎಂಬ ಆಸ್ಟ್ರೇಲಿಯಾದ ಕಾರು ಪಂದ್ಯಗಳ ಪರಮಭಕ್ತರೆಂದರೆ ನಮ್ಮ ಭಾವನವರು. ಕಲ್ಲುಗುಂಡನ್ನು ಉರುಳಿಸುವ ಸಿಂಹದ ಚಿತ್ರವಿರುವ, ಇಲ್ಲಿನ ಹಳೆಯ ಕಾರು ಕಂಪನಿ ಹೋಲ್ಡನ್‌ನ ಬಣ್ಣ ಮಾಸಿದ ಟೋಪಿಯನ್ನು ತೆಗೆಯದೆಯೇ ಅವರು ಕೋಡುಬಳೆಯ ತಟ್ಟೆಗೆ ಕೈಹಾಕುತ್ತಾರೆ.

“ಭಾವ, ಹೋಲ್ಡನ್ ಕಾರ್ಖಾನೆ 2017ರಲ್ಲೇ ಮುಚ್ಚಿತು, 2020ರಲ್ಲಿ ಜನರಲ್ ಮೋಟಾರ್ಸ್‌ನವರು ಆ ಹೆಸರಿಗೇ ಎಳ್ಳುನೀರು ಬಿಟ್ಟರು. ನಿಮ್ಮ ಸೂತಕ ಇನ್ನೂ ಕಳೆದಿಲ್ಲವೇ?” ಎಂದು ಕೆಣಕಿದೆ.

“ಕಳೆಯಲು ಬಿಟ್ಟರಲ್ಲವೇ? 2023ರಲ್ಲಿ ಪಂದ್ಯಗಳಲ್ಲಿ ಅದರ ಜಾಗಕ್ಕೆ ಜನರಲ್ ಮೋಟಾರ್ಸ್‌ನವರದೇ ಷೆವರ್ಲೆ ಕಮಾರೋ ಬಂದಾಗ ದತ್ತುಪುತ್ರನೆಂದು ಒಪ್ಪಿಕೊಂಡೆ. ವರ್ಷ ತುಂಬುವಷ್ಟರಲ್ಲಿ ಅಮೆರಿಕದಲ್ಲಿ ಆ ಕಾರಿನ ತಯಾರಿಕೆಯನ್ನೇ ನಿಲ್ಲಿಸಿದರು.”

“ಮಳಿಗೆಯಲ್ಲಿ ಸಿಗದ ಕಾರನ್ನು ಓಡಿಸಿ ಕಂಪನಿಗೇನು ಲಾಭ?” ಎಂದು ಮೇಷ್ಟ್ರು ಲೆಕ್ಕಕ್ಕೆ ಇಳಿದರು.

“ಮೇಷ್ಟ್ರೇ, ಅಲ್ಲಿ ಓಡುವುದು ಕಾರಲ್ಲ, ಹೆಸರು. ಫೋರ್ಡ್‌ನವರು ಓಡಿಸುವುದು ಮಸ್ಟ್ಯಾಂಗ್, ರಾಶಿಗಟ್ಟಲೆ ಮಾರುವುದು ರೇಂಜರ್ ಪಿಕಪ್. 2026ರಿಂದ ಟೊಯೋಟಾದವರು ಇಳಿಸಿರುವುದು ಸುಪ್ರಾ, ಅವರ ಅನ್ನದ ಬಟ್ಟಲು ಹೈಲಕ್ಸ್. ಅದರಲ್ಲೂ ಮಳಿಗೆಗೆ ಬಂದ ಸುಪ್ರಾದಲ್ಲಿದ್ದದ್ದು ಬಿಎಂಡಬ್ಲ್ಯುದವರ ಆರು ಸಿಲಿಂಡರಿನ ಎಂಜಿನ್, ಪಂದ್ಯದ ಸುಪ್ರಾದಲ್ಲಿರುವುದು ಟೊಯೋಟಾದವರದೇ ವಿ8. ಎಂಜಿನ್ ಮತ್ತು ಮೇಲಿನ ಮೈಕಟ್ಟನ್ನು ಬಿಟ್ಟರೆ ಚಾಸಿ ಎಂಬ ಅಡಿಚೌಕಟ್ಟು, ಗೇರ್‌ಬಾಕ್ಸ್ ಎಲ್ಲವೂ ಎಲ್ಲರಿಗೂ ಒಂದೇ ಅಚ್ಚಿನವು.”

“ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ಕಿರೀಟ ಬದಲಿಸಿಕೊಂಡು ಬಂದಂತಾಯಿತು,” ಎಂದರು ಮೇಷ್ಟ್ರು.

ತಂಡಗಳ ನಿಷ್ಠೆಯ ಮಾತು ಬಂದಾಗ ಭಾವನವರ ಕೋಡುಬಳೆ ಬಾಯಿಯ ಬಳಿಯೇ ನಿಂತುಬಿಟ್ಟಿತು. ದಶಕಗಳ ಕಾಲ ಹೋಲ್ಡನ್‌ನ ಮನೆಮಗನಾಗಿದ್ದ ವಾಕಿನ್‌ಷಾ ತಂಡ 2023ರಲ್ಲಿ ಫೋರ್ಡ್‌ಗೂ, 2026ಕ್ಕೆ ಟೊಯೋಟಾಗೂ ಹಾರಿತು. 2009ರವರೆಗೆ ಫೋರ್ಡ್ ಓಡಿಸಿ ಮರುವರ್ಷ ಹೋಲ್ಡನ್‌ಗೆ ಬಂದಿದ್ದ ಟ್ರಿಪಲ್ ಎಯ್ಟ್ ತಂಡ ಈಗ ಮರಳಿ ಫೋರ್ಡ್‌ನ ಹೊಸ್ತಿಲು ತುಳಿದಿದೆ. “ನಮ್ಮ ಶಾಸಕರು ಇವರ ಬಳಿ ಟ್ಯೂಷನ್ ತೆಗೆದುಕೊಂಡಿರಬೇಕು,” ಎಂದು ನಾನೆಂದದ್ದಕ್ಕೆ ಭಾವನವರು ನಗಲಿಲ್ಲ.

ಮೇಷ್ಟ್ರಿಗೆ ಬೇರೊಂದು ಚಿಂತೆಯಿತ್ತು. ಅವರ ಎಂಟು ವರ್ಷದ ಮೊಮ್ಮಗ ಗೋ-ಕಾರ್ಟ್ ಹುಚ್ಚು ಹತ್ತಿಸಿಕೊಂಡು, ಮೊನ್ನೆ ತಾನೇ ಮನೆಯೆದುರಿನ ಅಂಚೆಪೆಟ್ಟಿಗೆಯನ್ನು ಅಡ್ಡಡ್ಡ ಮಲಗಿಸಿದ್ದ. “ಇವನ ಮುಂದಿನ ದಾರಿ ಯಾವುದು?”

“ಕಾರ್ಟ್ ಆದ ಮೇಲೆ ಸೂಪರ್‌ಕಾರ್ಸ್‌ಗೆ ಕೆಳಮೆಟ್ಟಿಲುಗಳಾದ ಕಿರಿಯರ ಪಂದ್ಯಮಾಲೆಗಳು: ಮೊದಲು ಸೂಪರ್3, ಆಮೇಲೆ ಸೂಪರ್2, ನಡುವೆ ಬಾಥರ್ಸ್ಟ್‌ನ ಸಾವಿರ ಕಿಲೋಮೀಟರ್ ಪಂದ್ಯದಲ್ಲಿ ಹಿರಿಯರೊಬ್ಬರ ಜೊತೆಗಾರನಾಗಿ ಒಂದಿಷ್ಟು ಸುತ್ತು. ಬ್ರಾಕ್ ಫೀನಿ 2019ರಲ್ಲಿ ಸೂಪರ್3, 2021ರಲ್ಲಿ ಸೂಪರ್2 ಗೆದ್ದು, ಮರುವರ್ಷವೇ ಏಳು ಬಾರಿಯ ಚಾಂಪಿಯನ್ ಜೇಮಿ ವಿಂಕಪ್ ಅವರು ತೆರವು ಮಾಡಿದ ಸೀಟಿನಲ್ಲಿ ಕುಳಿತ.”

“ಅಲ್ಲಿಗೆ ಮುಗಿಯಿತೇ?”

“ಅಲ್ಲಿಂದ ಅಮೆರಿಕ! ಸ್ಕಾಟ್ ಮೆಕ್‌ಲಾಫ್ಲಿನ್ 2018ರಿಂದ ಸತತ ಮೂರು ವರ್ಷ ಫೋರ್ಡ್‌ನಲ್ಲಿ ಸೂಪರ್‌ಕಾರ್ಸ್ ಚಾಂಪಿಯನ್ ಪಟ್ಟ ಗೆದ್ದ. ತಂಡದ ಪಾಲುದಾರರಾಗಿದ್ದ ಪೆನ್ಸ್ಕಿಯವರು ಅವನನ್ನು ಅಲ್ಲಿನ ಇಂಡಿಕಾರ್ ಪಂದ್ಯಮಾಲೆಗೆ ಕರೆದೊಯ್ದು ಷೆವರ್ಲೆ ಎಂಜಿನಿನ ಮುಂದೆ ಕೂರಿಸಿದರು. ಇಲ್ಲಿನ ಇನ್ನೊಬ್ಬ ಚಾಂಪಿಯನ್ ಷೇನ್ ವ್ಯಾನ್ ಗಿಸ್‌ಬರ್ಗನ್ ಅಂತೂ 2023ರಲ್ಲಿ ಷಿಕಾಗೋದ ಬೀದಿಗಳಲ್ಲಿ ಅಲ್ಲಿನ ಮತ್ತೊಂದು ಪಂದ್ಯಮಾಲೆಯಾದ ನ್ಯಾಸ್ಕಾರ್ ಕಪ್‌ನ ತನ್ನ ಮೊಟ್ಟಮೊದಲ ಪಂದ್ಯವನ್ನೇ ಗೆದ್ದ. ಮೊದಲ ಹಬ್ಬಕ್ಕೆ ಬಂದ ಅಳಿಯ ಮಾವನ ಬೀರುವಿನ ಬೀಗದಕೈಯನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡಂತೆ.”

“ಕಂಪನಿ, ತಂಡ, ಚಾಲಕ ಮೂವರೂ ನಿಂತಲ್ಲಿ ನಿಲ್ಲುವವರಲ್ಲ. ಈ ವರ್ಷ ನೀವು ಯಾರ ಕಡೆ, ಭಾವ?”

ಭಾವನವರು ಟೋಪಿಯನ್ನು ತೆಗೆದು, ಸಿಂಹದ ಮೇಲೆ ಬಿದ್ದಿದ್ದ ಕೋಡುಬಳೆಯ ಪುಡಿಯನ್ನು ಒರೆಸಿದರು. “ಎಲ್ಲ ಕಾರುಗಳಿಗೂ ಒಂದೇ ಕಂಪನಿಯ ಟೈರು ಎಂಬ ನಿಯಮವಿದೆಯಲ್ಲ, ನಾನು ಟೈರಿನ ಕಡೆ. ಒಂದು ಭಾನುವಾರವೂ ಸೋಲುವುದಿಲ್ಲ.”