ಸಹಾಯ ಬೇಕು: ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಪರೀಕ್ಷೆ ಬರೆದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವನು, ಸಿವಿಲ್ ಓದಿದ್ದು. ಈಗ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನ ಕಟ್ಟಡ ವಿಭಾಗದಲ್ಲಿ ಇನ್‌ಸ್ಪೆಕ್ಟರ್ ಆಗಿ ಸೇರಿ ಹದಿನಾಲ್ಕು ತಿಂಗಳಾಯಿತು. ಇಲ್ಲಿನ ರಾಜ್ಯದ ಕಾನೂನಿನ ಪ್ರಕಾರ ಒಂದು ವರ್ಷದ ಅನುಭವ ಆದ ಮೇಲೆ, ಮುಂದಿನ ಒಂದು ವರ್ಷದೊಳಗೆ ಸರ್ಟಿಫಿಕೇಟ್ ತೆಗೆದುಕೊಳ್ಳಲೇಬೇಕು. ಅಂದರೆ ನನಗೆ ಉಳಿದಿರುವುದು ಹತ್ತೇ ತಿಂಗಳು.

ಐಸಿಸಿಯವರ (ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್, ಕಟ್ಟಡ ನಿಯಮಗಳನ್ನು ರೂಪಿಸುವ ಸಂಸ್ಥೆ) ಬಿ1, ಅಂದರೆ ವಾಸದ ಮನೆಗಳ ಇನ್‌ಸ್ಪೆಕ್ಟರ್ ಪರೀಕ್ಷೆ ಬರೆಯೋಣ ಅಂತಿದ್ದೇನೆ. 60 ಪ್ರಶ್ನೆ, 2 ಗಂಟೆ. ಪುಸ್ತಕ ನೋಡಿ ಬರೆಯಬಹುದು, ಆದರೆ ಪುಟ ಹುಡುಕುವುದರಲ್ಲೇ ಟೈಮ್ ಹೋಗುತ್ತೆ. ಪುಸ್ತಕಕ್ಕೆ ಪುಟ ಗುರುತಿಸುವ ಚೀಟಿ (ಟ್ಯಾಬ್) ಹೇಗೆ ಅಂಟಿಸಿಕೊಂಡಿರಿ ಹೇಳಿ. ಕ್ಯಾಲಿಫೋರ್ನಿಯಾದ್ದೇ ಕೋಡ್ (ಕಟ್ಟಡ ನಿಯಮಗಳು) ಮೇಲಿನ ಪರೀಕ್ಷೆಯೂ ಇದೆಯಲ್ವಾ, ಯಾವುದು ಮೊದಲು ಒಳ್ಳೆಯದು?

ನನ್ನ ದೊಡ್ಡ ಕಷ್ಟ ಅಡಿ, ಇಂಚು! ಊರಲ್ಲಿ ಮೆಟ್ಟಿಲಿಗೆ 150 ಮಿಲಿಮೀಟರ್ ಅಂತ ಮೇಸ್ತ್ರಿಗೆ ಹೇಳಿ ಅಭ್ಯಾಸ. ಇಲ್ಲಿ ಮನೆಯ ಮೆಟ್ಟಿಲ ಎತ್ತರ 7¾ ಇಂಚು ದಾಟಬಾರದು. ಒಂದೇ ಮೆಟ್ಟಿಲು ಸಾಲಿನಲ್ಲಿ ಅತಿ ಎತ್ತರದ ಮೆಟ್ಟಿಲಿಗೂ ಗಿಡ್ಡದ್ದಕ್ಕೂ ವ್ಯತ್ಯಾಸ 3/8 ಇಂಚು ಮೀರಬಾರದು. ಮೊನ್ನೆ ಟೇಪ್ ಹಿಡಿದು ನಿಂತು ಮೂರು ಸಲ ಅಳೆದೆ, ಬಡಗಿ ಸುಮ್ನೆ ನಗುತ್ತಿದ್ದ.

ಪಾಸಾದ ಮೇಲೂ ಬಿಡುವಿಲ್ಲ. ಮೂರು ವರ್ಷಕ್ಕೆ 45 ಗಂಟೆ ತರಬೇತಿ ಆಗಬೇಕು. ಇದು ಸರಿಯೇ ಅನ್ನಿ. ಆದರೆ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಪ್ರಾಮಾಣಿಕತೆ ಬರಲ್ಲ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹಿರಿಯ ಕಟ್ಟಡ ಇನ್‌ಸ್ಪೆಕ್ಟರ್ ಒಬ್ಬರಿಗೆ ಜೈಲು ಶಿಕ್ಷೆಯೇ ಆಯಿತು.

ಹಳೆಯ ನೋಟ್ಸ್ ಇದ್ದರೆ ಕೊಡಿ, ಅಂಚೆ ಖರ್ಚು ನನ್ನದು.