ಲಕ್ವದ ನಂತರ ಬೀಳುವ ಭಯ: ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಶಿವಮೊಗ್ಗದ ಸದಸ್ಯೆ: ನಮಸ್ಕಾರ ಮೇಡಂ. ನಮ್ಮ ತಂದೆಗೆ 68 ವರ್ಷ. ಎರಡು ತಿಂಗಳ ಹಿಂದೆ ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಈಗ ಮಲಗಿದ್ದಾಗ ಎಡಗಾಲನ್ನು ಚೆನ್ನಾಗಿಯೇ ಎತ್ತುತ್ತಾರೆ. ಆದರೆ ನಿಲ್ಲಿಸಿದ ಕೂಡಲೇ ಬಲಗೈಯಿಂದ ಮಂಚದ ಅಂಚನ್ನು ಒತ್ತಿ ಎಡಕ್ಕೆ ವಾಲುತ್ತಾರೆ. ನೇರ ಮಾಡಲು ಹೋದರೆ ‘ಬೀಳಿಸ್ತೀರಿ, ಬಿಡಿ’ ಎಂದು ಕೂಗುತ್ತಾರೆ. ಮನೆಯವರೆಲ್ಲ ಇದನ್ನು ಹಠ ಎನ್ನುತ್ತಿದ್ದಾರೆ. ಧೈರ್ಯ ತುಂಬುವುದು ಹೇಗೆ?

ಫಿಸಿಯೋಥೆರಪಿಸ್ಟ್: ಇದು ಹಠವೂ ಅಲ್ಲ, ಬರಿಯ ಅಂಜಿಕೆಯೂ ಅಲ್ಲ ಎಂದು ನನಗೆ ತೋರುತ್ತದೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಲಕ್ವ ಹೊಡೆದ ಕೆಲವರಲ್ಲಿ ತಮ್ಮ ಮೈ ನೆಟ್ಟಗಿದೆಯೋ ಓರೆಯಾಗಿದೆಯೋ ಎಂಬ ಅರಿವೇ ಕೆಟ್ಟಿರುತ್ತದೆ. ನಾವು ಇದನ್ನು ಪುಶರ್ ಸಿಂಡ್ರೋಮ್ ಎನ್ನುತ್ತೇವೆ. ಅವರು ಸರಿಯಿರುವ ಕೈಕಾಲಿನಿಂದ ಮೈಯನ್ನು ಸೋತ ಕಡೆಗೆ ತಳ್ಳುತ್ತಾರೆ. ನೀವು ನೇರ ಮಾಡಿದಾಗ ಯಾರೋ ಪಕ್ಕಕ್ಕೆ ಉರುಳಿಸುತ್ತಿದ್ದಾರೆ ಎಂದು ಅವರಿಗೆ ನಿಜವಾಗಿಯೂ ಅನ್ನಿಸುತ್ತದೆ. ನೀವು ಬಲಕ್ಕೆ ಎಳೆದಷ್ಟೂ ಅವರು ಎಡಕ್ಕೆ ಹೆಚ್ಚು ತಳ್ಳುತ್ತಾರೆ. ಆದರೆ ಇಂಥವರಿಗೆ ಕಣ್ಣಿನಿಂದ ನೋಡಿ ನೆಟ್ಟನೆಯ ಗೆರೆಯನ್ನು ಗುರುತಿಸುವ ಶಕ್ತಿ ಸಾಮಾನ್ಯವಾಗಿ ಉಳಿದಿರುತ್ತದೆ, ನಮ್ಮ ಚಿಕಿತ್ಸೆ ಅದರ ಮೇಲೆಯೇ ನಿಂತಿದೆ. ಬಾಗಿಲ ಚೌಕಟ್ಟಿನ ಎದುರು ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ‘ಅಪ್ಪಾ, ಆ ಚೌಕಟ್ಟನ್ನು ನೋಡಿ, ನೀವು ಅದರಂತೆ ನೆಟ್ಟಗಿದ್ದೀರಾ?’ ಎಂದು ಕೇಳಿ. ಓರೆ ಅವರ ಗಮನಕ್ಕೇ ಬಂದ ಮೇಲೆ, ಬಲಗಡೆ ತುಸು ದೂರದಲ್ಲಿಟ್ಟ ಲೋಟವನ್ನು ಬಲಗೈ ಚಾಚಿ ತಾವೇ ಎತ್ತಿಕೊಳ್ಳಲಿ. ಮೈಭಾರ ತಾನಾಗಿ ಬಲಕ್ಕೆ ಬರುತ್ತದೆ. ಕುಳಿತು ಇದು ರೂಢಿಯಾದ ನಂತರ ಬಲಭುಜ ಗೋಡೆಗೆ ತಾಗುವಂತೆ ನಿಲ್ಲಿಸಿ, ಗೋಡೆಗೆ ಒರಗಲು ಹೇಳಿ. ಒಬ್ಬರು ಎಡಗಡೆ ತುಸು ಹಿಂದೆ ನಿಂತು ಸೊಂಟಕ್ಕೆ ಕಟ್ಟಿದ ಬೆಲ್ಟನ್ನು ಹಿಡಿದಿರಬೇಕು. ಎಡಗೈ ಹಿಡಿದು ಎಂದೂ ಎಳೆಯಬೇಡಿ, ಸೋತ ಭುಜದ ಕೀಲು ಜಾರಬಹುದು. ಇನ್ನೊಂದು ವಿಷಯ: ಊಟದಲ್ಲಿ ತಟ್ಟೆಯ ಎಡಭಾಗದ ಅನ್ನವನ್ನು ಹಾಗೆಯೇ ಬಿಡುತ್ತಾರೆಯೇ? ಬಿಡುತ್ತಿದ್ದರೆ ಎಡಗಡೆಯ ಗಮನವೇ ತಪ್ಪಿರಬಹುದು. ನಿಲ್ಲಿಸುವ ಮೊದಲು ಒಬ್ಬ ಫಿಸಿಯೋಥೆರಪಿಸ್ಟ್ ಅವರನ್ನು ಎದುರಿಗೇ ಪರೀಕ್ಷಿಸಲಿ. ಈ ವಾಲಿಕೆ ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ದಯವಿಟ್ಟು ಅವರನ್ನು ಗದರಬೇಡಿ.

ತುಮಕೂರಿನ ಸದಸ್ಯರು: ಮೇಡಂ, ಕೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ನನ್ನ ತಾಯಿಗೆ ಎದ್ದು ನಿಂತೊಡನೆ ತಲೆ ಸುತ್ತುತ್ತದೆ, ಅದಕ್ಕೇ ಹೆದರುತ್ತಾರೆ.

ಫಿಸಿಯೋಥೆರಪಿಸ್ಟ್: ಸರಿಯಿರುವ ಕೈಯಲ್ಲಿ. ತಲೆಸುತ್ತಿಗೆ, ಮಲಗಿದ್ದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಿ. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಹುಬ್ಬಳ್ಳಿಯ ಸದಸ್ಯರು: ಲಕ್ವ ಹೊಡೆದಾಗ ಹತ್ತೂ ಬೆರಳಿನ ತುದಿಗೆ ಸೂಜಿ ಚುಚ್ಚಿ ರಕ್ತ ಬಿಟ್ಟರೆ ಸಾಕು ಎಂಬ ಸಂದೇಶ ಬಂದಿದೆ. ಆಮೇಲೆ ಪಾರಿವಾಳದ ರಕ್ತ ಹಚ್ಚಿದರೆ ಕಾಲಿಗೆ ಬಲ ಬರುತ್ತದಂತೆ. ಎಲ್ಲರಿಗೂ ಉಪಯೋಗವಾಗಲಿ.

ಫಿಸಿಯೋಥೆರಪಿಸ್ಟ್: ಯಾರಿಗೂ ಉಪಯೋಗವಾಗುವುದಿಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸೂಜಿ ಹುಡುಕುವ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಿ. ಇಂಥದ್ದನ್ನು ಇಲ್ಲಿ ಮತ್ತೆ ಹಾಕಬೇಡಿ.

ಹುಬ್ಬಳ್ಳಿಯ ಸದಸ್ಯರು: ನಮ್ಮ ಹಿರಿಯರು ಮಾಡಿದ್ದೆಲ್ಲ ಸುಳ್ಳೇ?

ಮೈಸೂರಿನ ಸದಸ್ಯೆ: ಹಿರಿಯರ ಹೆಸರು ಹೇಳಿ ರೋಗಿಯ ಸಮಯ ಕಳೆಯಬೇಡಿ. ಮೇಡಂ, ನನ್ನ ಪತಿ ಸ್ಕೂಟರ್ ಮತ್ತೆ ಯಾವಾಗ ಓಡಿಸಬಹುದು?

ದಾವಣಗೆರೆಯ ಸದಸ್ಯರು: ರೋಗಿಯನ್ನು ನಡೆಸುವುದೇ ಬೇಡ ಎಂಬುದು ನನ್ನ ಅನುಭವ. ಬಿದ್ದು ಸೊಂಟ ಮುರಿದರೆ ನೋಡುವವರು ಯಾರು? ಹಾಸಿಗೆಯೇ ಕ್ಷೇಮ.

ಮೈಸೂರಿನ ಸದಸ್ಯೆ: ಹಾಸಿಗೆಯಲ್ಲೇ ಬಿಟ್ಟು ನನ್ನ ಅತ್ತೆಗೆ ಬೆನ್ನಲ್ಲಿ ಹುಣ್ಣಾಯಿತು. ಇದನ್ನೂ ಅನುಭವವೆಂದೇ ತಿಳಿಯಿರಿ.

ದಾವಣಗೆರೆಯ ಸದಸ್ಯರು: ನಿಮ್ಮ ಮನೆಯಲ್ಲಿ ಜನ ಇದ್ದಾರೆ. ನಾನು ಒಬ್ಬನೇ ಅಮ್ಮನನ್ನು ಎತ್ತಬೇಕು, ಆಮೇಲೆ ಕೆಲಸಕ್ಕೆ ಹೋಗಬೇಕು. ಉಪದೇಶ ಸಾಕು.

ಫಿಸಿಯೋಥೆರಪಿಸ್ಟ್: ಜಗಳ ನಿಲ್ಲಿಸಿ. ಮಲಗಿದಷ್ಟೂ ಕಾಲು ಸೊರಗುತ್ತದೆ, ಸೊರಗಿದಷ್ಟೂ ಬೀಳುವುದು ಹೆಚ್ಚುತ್ತದೆ. ಆದರೆ ಒಬ್ಬರೇ ಇರುವ ಮನೆಯ ಕಷ್ಟ ಸಣ್ಣದಲ್ಲ. ದಾವಣಗೆರೆಯವರೇ, ನಡೆಸುವುದು ಸದ್ಯಕ್ಕೆ ಬೇಡ. ತಾವು ಮನೆಯಲ್ಲಿರುವಾಗ, ಗೋಡೆಗೆ ತಾಗಿಸಿಟ್ಟ ಕೈಯಿರುವ ಕುರ್ಚಿಯಿಂದ ಅಮ್ಮ ಎದ್ದು ಕೂರಲಿ, ಅಷ್ಟು ಸಾಕು.

ಕೋಲಾರದ ಸದಸ್ಯರು: ಕೋಲು ಯಾವ ಕೈಯಲ್ಲಿ ಹಿಡಿಯಬೇಕು ಮೇಡಂ?

ಫಿಸಿಯೋಥೆರಪಿಸ್ಟ್: ಮೇಲೆ ಬರೆದಿದ್ದೇನೆ, ಓದಿ.

ಮಂಗಳೂರಿನ ಸದಸ್ಯೆ: ನಮ್ಮ ಮಾವ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದು ತಲೆ ತಾಗಿಸಿಕೊಂಡರು. ಗಾಯವಿಲ್ಲ, ಚೆನ್ನಾಗಿಯೇ ಮಾತನಾಡುತ್ತಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರ ಭಯ ಹೋಗಲು ಯಾವ ವ್ಯಾಯಾಮ ಮಾಡಿಸಲಿ?

ಫಿಸಿಯೋಥೆರಪಿಸ್ಟ್: ವ್ಯಾಯಾಮ ಆಮೇಲೆ. ಆ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಯೊಳಗೆ ನಿಧಾನವಾಗಿ ರಕ್ತ ಸೋರಬಹುದು, ಹೊರಗೆ ಏನೂ ಕಾಣದೆ ಇರಬಹುದು. ಈಗಲೇ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಾತ್ರೆಯ ಚೀಟಿಯನ್ನೂ ಒಯ್ಯಿರಿ.