ಸಹಾಯ ಬೇಕು: ಬಾಸ್ಕೆಟ್‌ಬಾಲ್‌ನಲ್ಲಿ ನಮ್ಮ ಸೆಂಟರ್‌ಗೆ ಪೋಸ್ಟ್‌ನಲ್ಲಿ (ರಿಂಗ್ ಹತ್ತಿರ) ಬಾಲ್ ತಲುಪಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚಿಂಗ್ ಮಾಡುತ್ತಿದ್ದೇನೆ. ನಮ್ಮ ಸೆಂಟರ್ (ರಿಂಗ್ ಹತ್ತಿರ ಆಡುವ ಹುಡುಗ) ಎಲ್ಲರಿಗಿಂತ ಎತ್ತರ. ರಿಂಗ್ ಹತ್ತಿರ ಬಾಲ್ ಸಿಕ್ಕರೆ ಎಡಗೈ, ಬಲಗೈ ಎರಡರಲ್ಲೂ ಹುಕ್ (ತಲೆ ಮೇಲಿಂದ ಒಂದೇ ಕೈಯಲ್ಲಿ ಎಸೆಯುವ ಶಾಟ್) ಹಾಕುತ್ತಾನೆ. ಆದರೆ ಬಾಲ್ ಸಿಗುವುದೇ ಇಲ್ಲ. ಪಾಪ, ಇಡೀ ಕ್ವಾರ್ಟರ್ ಸುಮ್ನೆ ಮೇಲೆ ಕೆಳಗೆ ಓಡುತ್ತಾನೆ.

ಎದುರಾಳಿ ಡಿಫೆಂಡರ್ ಅವನ ಮುಂದೆಯೇ ಬಂದು ನಿಲ್ಲುತ್ತಾನೆ. ಅವನ ತಲೆ ಮೇಲಿಂದ ಲಾಬ್ (ಎತ್ತರದ ಪಾಸ್) ಹಾಕಿಸಿ ನೋಡಿದೆ. ಆ ಕಡೆಯಿಂದ ಇನ್ನೊಬ್ಬ ಓಡಿ ಬಂದು ಕಿತ್ತುಕೊಳ್ಳುತ್ತಾನೆ. ಫಾರ್ವರ್ಡ್‌ನನ್ನು ಫ್ರೀ ಥ್ರೋ ಗೆರೆ ಹತ್ತಿರ ನಿಲ್ಲಿಸಿ, ಅಲ್ಲಿಂದ ಒಳಗೆ ಪಾಸ್ ಕೊಡಿಸಿದೆ. ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿ ಆಗುತ್ತೆ. ಮ್ಯಾಚ್‌ನಲ್ಲಿ ಮಾತ್ರ ಶಾಟ್ ಹಾಕಲು ಸಿಗುವ 24 ಸೆಕೆಂಡಿನಲ್ಲಿ ಅರ್ಧ ಹೊತ್ತು ಬಾಲ್ ಮುಂದೆ ತರುವ ಗಾರ್ಡ್‌ಗಳ ಡ್ರಿಬಲ್‌ಗೇ ಹೋಗುತ್ತದೆ. ಅಷ್ಟರಲ್ಲಿ ಪೇಂಟ್‌ನಲ್ಲಿ (ರಿಂಗ್ ಕೆಳಗೆ ಗುರುತು ಹಾಕಿದ ಜಾಗ) 3 ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಅನ್ನುವ ನಿಯಮಕ್ಕೆ ಹೆದರಿ ನಮ್ಮ ಹುಡುಗ ಅಲ್ಲಿಂದ ಆಚೆ ಬಂದಿರುತ್ತಾನೆ. ಮತ್ತೆ ಜಾಗ ಹಿಡಿಯುವ ಹೊತ್ತಿಗೆ ಯಾರೋ ದೂರದಿಂದ ಶಾಟ್ ಎಸೆದಾಗಿರುತ್ತದೆ. ನಮ್ಮಲ್ಲಿ ಒಳ್ಳೆ ಶೂಟರ್‌ಗಳು ಕಡಿಮೆ. ಹಾಗಾಗಿ ಎದುರಾಳಿಗಳು ಒಳಗೇ ಜಾಸ್ತಿ ಜನ ನಿಲ್ಲುತ್ತಾರೆ.

ನನಗೆ ಗೊಂದಲ ಇರುವುದು ಇಲ್ಲೇ. ಪಾಸ್ ಕೊಡುವ ಜಾಗ ಬದಲಿಸಬೇಕಾ, ಅವನು ಒಳಗೆ ಬಂದು ನಿಲ್ಲುವ ಸಮಯ ಬದಲಿಸಬೇಕಾ? ಬಾಲ್ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗಿದಾಗ, ಮುಂದೆ ನಿಂತಿದ್ದ ಡಿಫೆಂಡರ್‌ನನ್ನು ಬೆನ್ನಿಗೆ ಹಾಕಿಕೊಳ್ಳಬಹುದು ಅಲ್ವಾ? ಸರಿಯಾಗಿ ಆ ಕ್ಷಣಕ್ಕೇ ಪಾಸ್ ಬಿಡುವಂತೆ ಗಾರ್ಡ್‌ಗಳಿಗೆ ಯಾವ ಡ್ರಿಲ್ ಮಾಡಿಸಬೇಕು? ಮೈಸೂರು, ಮಂಡ್ಯ ಕಡೆ ಆಡಿದವರು, ಕೋಚ್‌ಗಳು ದಯವಿಟ್ಟು ತಿಳಿಸಿ.